ಆ ಕೊಡೆ ಕೊನೆಗೆ ಏನಾಯ್ತು ಅಂತ ಕೇಳಿ

ಈ ಸಲ ಬಂದ ಒಂದು ಕಾಗದ ಓದಿದ ಮೇಲೆ ಉಳಿದವನ್ನು ತೆರೆಯಲು ಮನಸ್ಸಾಗಲಿಲ್ಲ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಬರೆದವರು ಕೆಲಸಕ್ಕೆ ಹೋಗುವ ಹೆಣ್ಣುಮಗಳು, ನಲವತ್ತು ದಾಟಿದೆ. ಮನೆಯಲ್ಲಿ ಗಂಡ, ಓದುವ ವಯಸ್ಸಿನ ಇಬ್ಬರು ಮಕ್ಕಳು, 78 ವರ್ಷದ ಮಾವ. ಅತ್ತೆ ತೀರಿಕೊಂಡು ಮೂರು ವರ್ಷವಾಗಿದೆ. ಮಾವ ಒಳ್ಳೆಯವರು, ಯಾರಿಗೂ ತೊಂದರೆ ಕೊಡುವವರಲ್ಲ. ಆದರೆ ಹೇಳಿದ್ದನ್ನೇ ಹೇಳುತ್ತಾರೆ.

ಅದರಲ್ಲೂ ಒಂದು ಕಥೆ. ಹತ್ತೊಂಬತ್ತನೇ ವಯಸ್ಸಿಗೆ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ತಾಯಿಗೊಂದು ಕೊಡೆ ತಂದುಕೊಟ್ಟರು. ಮಾರನೇ ದಿನ ಜೋರು ಮಳೆ. ಹೊರಗೆ ಹೋಗಿದ್ದ ತಾಯಿ ತೊಯ್ದು ತೊಪ್ಪೆಯಾಗಿ ಮನೆಗೆ ಬಂದರು. ಕೊಡೆ ಮಾತ್ರ ಕಂಕುಳಲ್ಲಿ ಮಡಿಸಿದ ಹಾಗೇ ಇತ್ತು. ಯಾಕಮ್ಮಾ ಎಂದರೆ, "ಹೊಸದು ಕಣೋ, ನೆನೆದ್ರೆ ಹಾಳಾಗುತ್ತೆ" ಅಂದರಂತೆ. ಇಷ್ಟೇ ಕಥೆ. ಮಕ್ಕಳಿಗೆ ಈ ಕೊನೆಯ ಮಾತು ಬಾಯಿಪಾಠ. ತಾತ ಅಲ್ಲಿಗೆ ಬರುವ ಮೊದಲೇ ಇಬ್ಬರೂ ಒಟ್ಟಿಗೆ ಅದನ್ನು ಹೇಳಿ ನಗುತ್ತಾರೆ. ಒಮ್ಮೆ ಮನೆಗೆ ಬಂದಿದ್ದ ಮೈದುನ, ಎಲ್ಲರೂ ಊಟಕ್ಕೆ ಕೂತಿದ್ದಾಗ, "ಅಪ್ಪಾ, ಇದು ನೂರು ಸಲ ಆಯ್ತು, ಬೇರೆ ಏನಾದ್ರೂ ಇದ್ರೆ ಹೇಳಿ" ಎಂದರಂತೆ. ಈಗ ನೆಂಟರು ಬಂದಾಗ ಮಾತ್ರ ಮಾವ ಕೊಡೆಯ ಕಥೆ ತೆಗೆಯುತ್ತಾರೆ. ನೆಂಟರಿಗೂ ಬೇಜಾರು, ನಮಗೂ ಮುಜುಗರ. ಅವರ ಮನಸ್ಸಿಗೆ ನೋವಾಗದ ಹಾಗೆ ಇದನ್ನು ನಿಲ್ಲಿಸುವುದು ಹೇಗೆ? ಇದು ಅವರ ಪ್ರಶ್ನೆ.

ಕಾಗದದ ಕೊನೆಯಲ್ಲಿ, ಸಹಿಗಿಂತ ಸ್ವಲ್ಪ ಮೇಲೆ, ಇನ್ನೊಂದು ಸಾಲಿದೆ. "ಈಗೀಗ ಅವರು ಏಳು ಗಂಟೆಗೇ ಒಬ್ಬರೇ ಊಟ ಮುಗಿಸಿ ರೂಮಿಗೆ ಹೋಗಿಬಿಡುತ್ತಾರೆ, ಹಾಗಾಗಿ ನಮಗೂ ಸ್ವಲ್ಪ ಆರಾಮ."

ನೋಡಿ, ನೀವು ಕೇಳಬೇಕಾಗಿದ್ದು ಈ ಸಾಲಿನ ಬಗ್ಗೆ. ಕಥೆ ನಿಲ್ಲಿಸುವುದು ಹೇಗೆ ಅಂತ ಕೇಳಿದ್ದೀರಿ, ಮನೆಯವರ ನಡುವೆ ಅದು ನಿಂತು ಎಷ್ಟೋ ದಿನ ಆಯ್ತು. ಯಾರ ಹತ್ತಿರವೂ ಜಗಳ ಆಡದೆ, ಒಂದು ಮಾತೂ ಹೇಳದೆ, ಮನೆಯ ಹಿರಿಯರು ಊಟದ ಸಾಲಿನಿಂದ ಎದ್ದು ಹೋಗಿದ್ದಾರೆ. ನೀವೆಲ್ಲ ಕೂರುವ ಹೊತ್ತಿಗೆ ಅವರ ತಟ್ಟೆ ತೊಳೆದು ಮಗುಚಿಟ್ಟಿರುತ್ತದೆ. ಹೆಂಡತಿ ಇಲ್ಲದ ಮನುಷ್ಯ. ದಿನವೆಲ್ಲ ನೀವು ನಾಲ್ಕೂ ಜನ ಹೊರಗೆ. ಇಡೀ ದಿನದಲ್ಲಿ ಅವರಿಗೆ ಮನುಷ್ಯರ ಮುಖ ನೋಡಿ ಮಾತಾಡಲು ಇದ್ದದ್ದು ಆ ಅರ್ಧ ಗಂಟೆ. ಅದನ್ನೂ ನಿಮಗೆ ಬಿಟ್ಟುಕೊಟ್ಟಿದ್ದಾರೆ. ಇದನ್ನು ಆರಾಮ ಅಂತ ದಯವಿಟ್ಟು ಕರೆಯಬೇಡಿ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಕೆಲಸ ಮುಗಿಸಿ ಬಂದು, ಅಡುಗೆ ಮಾಡಿ, ಮಕ್ಕಳ ಓದು ನೋಡಿ, ಮಾವನ ಮಾತಿಗೆ "ಹೌದಾ" ಅನ್ನಲೂ ನೀವೇ ಬೇಕು ಅಂದರೆ ಯಾರಿಗಾದರೂ ಸಾಕಾಗುತ್ತದೆ. ಅವರು ನಿಮ್ಮ ಯಜಮಾನರ ಅಪ್ಪ. ಕಾಗದ ಬರೆದವರು ನೀವು. ಅದರಲ್ಲೇ ಎಷ್ಟೋ ಗೊತ್ತಾಗುತ್ತದೆ. ಮಕ್ಕಳ ಮೇಲೂ ಸಿಟ್ಟಿಲ್ಲ. ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡು ತಾತನ ಜೊತೆ ಹೇಳುವುದು ಮಕ್ಕಳಾಟ, ಅದರಲ್ಲಿ ಪ್ರೀತಿಯೂ ಇದೆ. ತಾತನೂ ಮೊದಲು ನಕ್ಕಿರಬೇಕು.

ಸಿಟ್ಟು ಬಂದಿದ್ದು ನಿಮ್ಮ ಮೈದುನನ ಮೇಲೆ. ದಿನಾ ಕೇಳುವವರಿಗೆ ಬೇಸರ ಪಡಲು ಹಕ್ಕಿದೆ. ಅಪರೂಪಕ್ಕೆ ಬಂದು ಹೋಗುವ ಮಗನಿಗೆ ನೂರರ ಲೆಕ್ಕ ಎಲ್ಲಿಂದ ಬಂತು? ಅದೂ ಮೊಮ್ಮಕ್ಕಳ ಎದುರು. ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಬೇಕಾದರೆ ಇನ್ನೂ ಬರೆಯುತ್ತೇನೆ: ದೊಡ್ಡವರನ್ನು ಮಕ್ಕಳ ಮುಂದೆ ತಿದ್ದಬಾರದು. ಏನೇ ಇದ್ದರೂ ಒಬ್ಬರೇ ಇರುವಾಗ ಹೇಳಿ. ಆ ದಿನದವರೆಗೆ ಮಕ್ಕಳದು ತಮಾಷೆಯಾಗಿತ್ತು. ಚಿಕ್ಕಪ್ಪನ ಮಾತು ಬಿದ್ದ ಮೇಲೆ ಅದೇ ನಗು ಬೇರೆಯಾಯಿತು. ತಾತನ ಕಥೆಯನ್ನು ಅರ್ಧಕ್ಕೆ ತಡೆಯಬಹುದು ಅಂತ ಮಕ್ಕಳಿಗೂ ಗೊತ್ತಾಯಿತು, ತಾತನಿಗೂ ಗೊತ್ತಾಯಿತು. ಏಳು ಗಂಟೆಯ ಊಟ ಅದಾದ ಮೇಲೆ ಶುರುವಾದದ್ದು ಅಂತ ನನ್ನ ಅನುಮಾನ. ಕ್ಯಾಲೆಂಡರ್ ನೋಡಿ ನೆನಪು ಮಾಡಿಕೊಳ್ಳಿ.

ಇನ್ನು ಹೇಳಿದ್ದನ್ನೇ ಹೇಳುವ ವಿಷಯ. ಅವರು ಬೇಕೂಂತ ಮಾಡುತ್ತಿಲ್ಲ. ನೆನಪಿನ ಮೇಲೆ ಕೆಲಸ ಮಾಡುವ ಗೋಪಿ ಮತ್ತು ಮ್ಯಾಕ್ಲಿಯಡ್ ಎಂಬ ಇಬ್ಬರು ಸಂಶೋಧಕರು 2009ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಯಾರಿಂದ ಏನು ಕೇಳಿದೆವು ಅನ್ನುವುದು ನಮಗೆ ಚೆನ್ನಾಗಿ ನೆನಪಿರುತ್ತದೆ. ಯಾರಿಗೆ ಏನು ಹೇಳಿದೆವು ಅನ್ನುವುದು ಅಷ್ಟು ನೆನಪಿರುವುದಿಲ್ಲ. ಹೇಳುವಾಗ ನಮ್ಮ ಗಮನವೆಲ್ಲ ಹೇಳುವುದರ ಮೇಲೇ ಇರುತ್ತದೆ, ಎದುರಿಗೆ ಕೂತವರ ಮೇಲೆ ಕಡಿಮೆ. ಇದು ಚಿಕ್ಕ ವಯಸ್ಸಿನವರಿಗೂ ಆಗುವಂಥದ್ದೇ. ಮುಂದಿನ ವರ್ಷ ಇನ್ನೊಂದು ಅಧ್ಯಯನದಲ್ಲಿ ವಯಸ್ಸಾದವರಲ್ಲಿ ಇದು ಜಾಸ್ತಿ ಎಂದು ಕಂಡಿತು. ಹಾಗಾಗಿ ನಿಮ್ಮ ಮಾವನಿಗೆ ಕೊಡೆ ನೆನಪಿದೆ, ಮಳೆ ನೆನಪಿದೆ, ತಾಯಿಯ ದನಿ ನೆನಪಿದೆ. ನಿಮಗೆ ಹೇಳಿದ್ದು ನೆನಪಿಲ್ಲ. ನಿಮ್ಮನ್ನು ಗೋಳು ಹುಯ್ದುಕೊಳ್ಳಲು ಹೇಳುತ್ತಿದ್ದಾರೆ ಅಂತ ಒಂದು ಕ್ಷಣವೂ ಅಂದುಕೊಳ್ಳಬೇಡಿ.

ಅದೇ ಕಥೆ ಯಾಕೆ ಅಂತಲೂ ಕೇಳಬಹುದು. ವಯಸ್ಸಾದವರಿಗೆ ಬಾಳಿನ ಯಾವ ಭಾಗ ಹೆಚ್ಚು ನೆನಪಿದೆ ಅಂತ ನೋಡಿದರೆ, ಸುಮಾರು 10ರಿಂದ 30ರ ವಯಸ್ಸಿನ ದಿನಗಳೇ ದಟ್ಟವಾಗಿ ಎದ್ದು ಕಾಣುತ್ತವೆ. ಮೊದಲ ಕೆಲಸ, ಮೊದಲ ಸಂಬಳ, ಮೊದಲ ಸಲ ಮನೆ ಬಿಟ್ಟದ್ದು, ಎಲ್ಲವೂ ಅಲ್ಲೇ ಇರುತ್ತವೆ ಅಲ್ವಾ. ನಿಮ್ಮ ಮಾವನಿಗೆ ಆಗ ಹತ್ತೊಂಬತ್ತು. ಒಂದು ಕಾಲದಲ್ಲಿ, ಮುದುಕರು ಹಿಂದಿನದನ್ನೇ ಹೇಳುತ್ತಾ ಕೂರುವುದು ಬುದ್ಧಿ ಮಂಕಾಗುವ ಲಕ್ಷಣ ಎಂದು ವೈದ್ಯರೂ ನಂಬಿದ್ದರು. ರಾಬರ್ಟ್ ಬಟ್ಲರ್ ಎಂಬ ಮನೋವೈದ್ಯರು 1963ರಲ್ಲಿ ಅದನ್ನು ಅಲ್ಲಗಳೆದು ಬರೆದರು. ಬಾಳಿನ ಕೊನೆಯ ಭಾಗದಲ್ಲಿ ಮನುಷ್ಯ ನಡೆದ ದಾರಿಯನ್ನು ತಿರುಗಿ ನೋಡುವುದು ಸಹಜ, ಆ ವಯಸ್ಸಿನಲ್ಲಿ ಅದು ಮನಸ್ಸಿಗೆ ಬೇಕಾದ ಕೆಲಸ ಎಂದರು.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಇರಲಿ. ಹಳೆಯ ಕಥೆ ತಿಂಗಳಿಗೆ ನಾಲ್ಕು ಸಲ ಬರುವುದು ಬೇರೆ, ಹತ್ತು ನಿಮಿಷದ ಹಿಂದೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಬೇರೆ. ಗೊತ್ತಿರುವ ದಾರಿಯಲ್ಲಿ ತಪ್ಪಿಸಿಕೊಳ್ಳುವುದು, ದುಡ್ಡಿನ ಲೆಕ್ಕ ಹಿಂದೆಂದೂ ಇಲ್ಲದಷ್ಟು ತಪ್ಪುವುದು, ದಿನನಿತ್ಯದ ಕೆಲಸ ಹೇಗೆ ಮಾಡುವುದೆಂದೇ ತೋಚದಿರುವುದು, ಇಂಥದ್ದೇನಾದರೂ ಕಂಡರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ನೀವು ಬರೆದಿರುವುದರಲ್ಲಿ ಇದು ಯಾವುದೂ ಇಲ್ಲ. ಔಷಧಿ ತಾವೇ ತೆಗೆದುಕೊಳ್ಳುತ್ತಾರೆ, ಕರೆಂಟ್ ಬಿಲ್ ತಾವೇ ಕಟ್ಟಿ ಬರುತ್ತಾರೆ ಎಂದಿದ್ದೀರಿ.

ಆದರೆ ಇನ್ನೊಂದು ಕಡೆ ನೀವೇ ಬರೆದಿದ್ದೀರಿ: "ಮಧ್ಯೆ ನಾವೇನಾದರೂ ಹೇಳಿದರೆ ಅದಕ್ಕೆ ಉತ್ತರ ಕೊಡದೆ ಮತ್ತೆ ತಮ್ಮ ಕಥೆಗೇ ಬರುತ್ತಾರೆ. ಟಿವಿ ಸದ್ದೂ ಜಾಸ್ತಿ." ನನ್ನ ಓದುಗರಿಗೆ ಈಗ ನಾನೇನು ಹೇಳುತ್ತೇನೆ ಅಂತ ಗೊತ್ತಾಗಿರುತ್ತದೆ. ಕಿವಿ ತೋರಿಸಿದ್ದೀರಾ? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ದಿನದ ಬದುಕಿಗೆ ತೊಡಕಾಗುವಷ್ಟು ಕಿವಿ ಮಂದವಾಗಿರುತ್ತದೆ. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಮೊದಲು ಹೋಗುವುದು ಕೀರಲು ದನಿಗಳು. ಎದುರಿಗಿದ್ದವರು ಮಾತಾಡುವುದು ಕೇಳಿಸುತ್ತದೆ, ಏನು ಅಂದರು ಅನ್ನುವುದು ತಿಳಿಯುವುದಿಲ್ಲ. ಹೆಂಗಸರ, ಮಕ್ಕಳ ಮಾತಂತೂ ಇನ್ನೂ ಕಷ್ಟ. ತಟ್ಟೆ ಲೋಟದ ಸದ್ದು, ಪಕ್ಕದಲ್ಲಿ ಟಿವಿ, ನಾಲ್ಕು ಜನ ಒಟ್ಟಿಗೆ ಮಾತಾಡುವ ಊಟದ ಹೊತ್ತು ಅವರ ಪಾಲಿಗೆ ಬರೀ ಗದ್ದಲ. ಅಂಥ ಗದ್ದಲದಲ್ಲಿ ಮನುಷ್ಯ ಏನು ಮಾಡುತ್ತಾನೆ? ತಾನೇ ಮಾತಾಡುತ್ತಾನೆ. ತನಗೆ ಅಕ್ಷರ ಅಕ್ಷರವೂ ಗೊತ್ತಿರುವ ಒಂದು ಕಥೆ ಹೇಳುತ್ತಾನೆ. ಅಷ್ಟು ಹೊತ್ತು ಯಾರ ಮಾತನ್ನೂ ಕೇಳಿಸಿಕೊಳ್ಳಲು ಒದ್ದಾಡಬೇಕಾಗಿಲ್ಲ. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ತಂಡ ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ತಡೆಯಬಹುದಾದ 14 ಕಾರಣಗಳನ್ನು ಹೆಸರಿಸಿತು. ಅದರಲ್ಲಿ ಕಿವಿ ಮಂದವಾಗುವುದೂ ಇದೆ, ಜನರ ಒಡನಾಟ ಕಡಿಮೆಯಾಗುವುದೂ ಇದೆ. ನಿಮ್ಮ ಮನೆಯಲ್ಲಿ ಈಗ ಎರಡೂ ಒಟ್ಟಿಗೆ ನಡೆಯುತ್ತಿರಬಹುದು. ಕಿವಿ ತೋರಿಸಲು ಕರೆದುಕೊಂಡು ಹೋಗುವ ಕೆಲಸ ನಿಮ್ಮ ಯಜಮಾನರದು. ನಿಮ್ಮದಲ್ಲ.

ನಿಮ್ಮ ಯಜಮಾನರು ಕೊಟ್ಟ ಸಲಹೆಯ ಬಗ್ಗೆಯೂ ಒಂದು ಮಾತು. ಕಥೆಗಳನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಬಿಡೋಣ, ಅಪ್ಪನಿಗೂ ಸಮಾಧಾನ ಎಂದಿದ್ದಾರಂತೆ. ಖಂಡಿತ ಮಾಡಿ, ದನಿ ಉಳಿಯುವುದು ದೊಡ್ಡ ವಿಷಯ. ಆದರೆ ಯಾವಾಗ? ಅವರು ಖುಷಿಯಾಗಿ ಹೇಳುವಾಗ, ನೀವು ಖುಷಿಯಾಗಿ ಕೇಳುವಾಗ. ಎದುರಿಗೆ ಫೋನ್ ಇಟ್ಟು "ಎಲ್ಲಾ ಹೇಳಿಬಿಡಿ" ಅಂದರೆ ಅದು ಹೇಳಿಕೆ ಬರೆಸಿಕೊಂಡ ಹಾಗಾಗುತ್ತದೆ. ಒಂದು ಸಲ ರೆಕಾರ್ಡ್ ಆಯ್ತಲ್ಲ, ಇನ್ನು ಕೇಳಬೇಕಾಗಿಲ್ಲ ಅನ್ನುವ ಲೆಕ್ಕ ಅದರ ಹಿಂದೆ ಇದ್ದರೆ ಬೇಡವೇ ಬೇಡ. ಅವರಿಗೆ ಬೇಕಾಗಿರುವುದು ಕೇಳುವ ಮುಖ.

ಈಗ ನಾನು ಹೇಳುವುದು ಒಂದೇ ಒಂದು. ನಾಳೆ ಸಂಜೆ ಏಳಕ್ಕೆ ಮೊದಲೇ ಟಿವಿ ಆರಿಸಿ, ಮಾವನ ಹತ್ತಿರ ಹೋಗಿ, ಮುಖ ನೋಡಿ, "ಮಾವ, ಇವತ್ತು ನಮ್ಮ ಜೊತೆ ಊಟಕ್ಕೆ ಬನ್ನಿ, ಒಂದು ವಿಷಯ ಕೇಳಬೇಕಿತ್ತು" ಅನ್ನಿ. ಊಟಕ್ಕೆ ಕೂತ ಮೇಲೆ ಕೇಳಿ: ಆ ಕೊಡೆ ಕೊನೆಗೆ ಏನಾಯ್ತು?

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಇಷ್ಟು ವರ್ಷ ಕೇಳಿದ ಕಥೆಯಲ್ಲಿ ನಿಮಗೆ ಅದು ಗೊತ್ತಿಲ್ಲ. ಗೊತ್ತಿದ್ದರೆ ಬರೆಯುತ್ತಿದ್ದಿರಿ. ಆ ತಾಯಿ ಅದನ್ನು ಯಾವತ್ತಾದರೂ ಬಿಚ್ಚಿದರಾ? ಕಪ್ಪು ಕೊಡೆಯಾ, ಬಣ್ಣದ್ದಾ? ಕೊಳ್ಳಲು ಅಂಗಡಿಗೆ ಒಬ್ಬರೇ ಹೋಗಿದ್ದರಾ? ಕೊಡೆಯೇ ಯಾಕೆ, ಬೇರೇನಾದರೂ ಯಾಕಲ್ಲ? ಹಿಂದೆ ಯಾವತ್ತೋ ಮಳೆಯಲ್ಲಿ ನೆಂದು ತಾಯಿಗೆ ಜ್ವರ ಬಂದಿತ್ತಾ? ಅತ್ತೆ ಮದುವೆಯಾಗಿ ಬಂದಾಗ ಆ ಕೊಡೆ ಇನ್ನೂ ಮನೆಯಲ್ಲಿತ್ತಾ? ನೀವೆಲ್ಲ ಕಥೆ ಕೇಳಿದ್ದೀರಿ, ಅದರ ಬಗ್ಗೆ ಒಬ್ಬರೂ ಒಂದು ಪ್ರಶ್ನೆ ಕೇಳಿಲ್ಲ. ಒಂದೇ ಬಾಗಿಲಿನ ಮುಂದೆ ದಿನಾ ನಿಂತು ಅವರು ಕರೆಯುತ್ತಿದ್ದಾರೆ, ನೀವು ಹೊರಗಿನಿಂದಲೇ ಕೈ ಮುಗಿದು ಹೋಗುತ್ತಿದ್ದೀರಿ. ಒಳಗೆ ಇನ್ನೂ ಎಷ್ಟು ಕೋಣೆಗಳಿವೆಯೋ.

ಮೊದಲ ದಿನ ಬರಲಿಕ್ಕಿಲ್ಲ. "ನಂದು ಆಯ್ತಮ್ಮ, ನೀವು ಮಾಡಿ" ಅಂದಾರು. ಒತ್ತಾಯ ಬೇಡ, ಮಾರನೇ ದಿನ ಮತ್ತೆ ಕರೆಯಿರಿ. ಬಂದರೆ ಅವರನ್ನು ಎಲ್ಲರ ಮುಖ ಕಾಣುವ ಜಾಗದಲ್ಲಿ ಕೂರಿಸಿ, ಬೆಳಕು ನಿಮ್ಮ ಮುಖದ ಮೇಲೆ ಇರಲಿ. ಕಿವಿ ಮಂದವಾದವರು ತುಟಿ ನೋಡಿ ಅರ್ಧ ಮಾತು ಹಿಡಿಯುತ್ತಾರೆ. ಕೂಗಬೇಡಿ, ನಿಧಾನವಾಗಿ ಒಬ್ಬೊಬ್ಬರೇ ಮಾತಾಡಿ. ಪ್ರಶ್ನೆ ಕೇಳಿದ ಮೇಲೆ ಸುಮ್ನೆ ಕಾಯಿರಿ. ಅರವತ್ತು ವರ್ಷದ ಹಿಂದಿನದು ತಕ್ಷಣ ಬಾಯಿಗೆ ಬರುವುದಿಲ್ಲ. ಮಕ್ಕಳು ಮಧ್ಯೆ ಬಾಯಿ ಹಾಕಿದರೆ ಬಯ್ಯಬೇಡಿ, ಅವರಿಗೂ ಒಂದು ಪ್ರಶ್ನೆ ಹುಡುಕಲು ಹೇಳಿ. ತಾತನ ಕಥೆಯಲ್ಲಿ ಇಲ್ಲದ್ದನ್ನು ಕೇಳಬೇಕು, ಅಷ್ಟೇ ನಿಯಮ. ಮಕ್ಕಳು ಇದರಲ್ಲಿ ನಮಗಿಂತ ಜಾಣರು.

ಮಕ್ಕಳಿಗೂ ಇದು ಬೇಕು. ಎಮೊರಿ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ 20 ಪ್ರಶ್ನೆ ಇಟ್ಟುಕೊಂಡು ಮಕ್ಕಳನ್ನು ಮಾತಾಡಿಸಿದರು. ನಿನ್ನ ತಾತ ಅಜ್ಜಿ ಬೆಳೆದದ್ದು ಎಲ್ಲಿ, ಅಪ್ಪ ಅಮ್ಮ ಹೇಗೆ ಭೇಟಿಯಾದರು, ನೀನು ಹುಟ್ಟಿದಾಗ ಏನಾಯ್ತು, ಈ ಥರದ ಪ್ರಶ್ನೆಗಳು. ಮನೆಯ ಕಥೆ ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ಗಟ್ಟಿ ನಂಬಿಕೆ, ತಮ್ಮ ಬದುಕು ತಮ್ಮ ಕೈಯಲ್ಲಿದೆ ಅನ್ನುವ ಧೈರ್ಯ ಹೆಚ್ಚು ಕಂಡಿತು. ಬರೀ ಪ್ರಶ್ನೆಗೆ ಉತ್ತರ ಉರು ಹೊಡೆಸಿದರೆ ಹೀಗಾಗುವುದಿಲ್ಲ ಅಂತಲೂ ಅವರೇ ಹೇಳಿದ್ದಾರೆ. ಉತ್ತರ ಗೊತ್ತಾಗಬೇಕಾದರೆ ಮನೆಯವರು ಒಟ್ಟಿಗೆ ಕೂತು ಮಾತಾಡಿರಬೇಕು. ನಿಮ್ಮ ಮಕ್ಕಳಿಗೆ ಹೇಳಲು ಒಬ್ಬರು ಮನೆಯಲ್ಲೇ ಇದ್ದಾರೆ.

ಕೊಡೆಯ ಕಥೆ ಮತ್ತೆ ಬಂದೇ ಬರುತ್ತದೆ. ಬರಲಿ. ನೆಂಟರ ಮುಂದೆ ಬಂದರೆ ಮುಜುಗರ ಪಡಬೇಡಿ, "ಮಾವ, ಆ ಅಂಗಡಿಯವರ ವಿಷಯ ಹೇಳಿ" ಅಂತ ನೀವೇ ಒಂದು ಎಳೆ ಎತ್ತಿಕೊಡಿ. ನೆಂಟರಿಗೂ ತಾವು ಕೇಳಿರದ ಭಾಗ ಸಿಗುತ್ತದೆ.

ಮೈದುನ ಮುಂದಿನ ಸಲ ಬರುವ ಮೊದಲು ಅವರಿಗೆ ಫೋನ್ ಹೋಗಬೇಕು. ಅಂದು ಆಡಿದ ಮಾತು ತಪ್ಪು, ಬಂದ ದಿನವೇ ಅಪ್ಪನ ಪಕ್ಕ ಊಟಕ್ಕೆ ಕೂತು ಆ ಕಥೆಯನ್ನು ಪೂರ್ತಿ ಹೇಳಿಸಿಕೊಳ್ಳಬೇಕು, ಮಕ್ಕಳ ಎದುರಿಗೇ. ಇದನ್ನು ಹೇಳಬೇಕಾದವರು ನಿಮ್ಮ ಯಜಮಾನರು. ಅತ್ತಿಗೆ ಹೇಳಿದರೆ ಬೇರೆ ಅರ್ಥ ಬರುತ್ತದೆ, ಅಣ್ಣ ಹೇಳಿದರೆ ಬರುವುದಿಲ್ಲ. ಈ ಪುಟವನ್ನು ಅವರ ಕೈಗೆ ಕೊಡಿ.