ಬೆಂಗಳೂರಿಗೆ ಬರಲ್ಲ ಅನ್ನೋ ಅಮ್ಮನಿಗೆ ಊರಮನೆ ಹೇಗೆ ಸಜ್ಜು ಮಾಡೋದು?

ಈ ವಾರದ ಪ್ರಶ್ನೆಗಳಿಗೆ ಉತ್ತರಿಸಿದವರು: ಹಿರಿಯರ ಮನೆಗಳಿಗೇ ಹೋಗಿ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್

ಪ್ರಶ್ನೆ: ಅಮ್ಮನಿಗೆ 76 ವರ್ಷ. ತೀರ್ಥಹಳ್ಳಿ ಹತ್ತಿರ ಹಳೇ ಹೆಂಚಿನ ಮನೆ. ಅಪ್ಪ ಹೋದ ಮೇಲೆ ಒಬ್ಬರೇ ಇದ್ದಾರೆ. ಹಗಲು ಕೆಲಸಕ್ಕೆ ಒಬ್ಬರು ಬರುತ್ತಾರೆ, ರಾತ್ರಿ ಯಾರೂ ಇಲ್ಲ. ಹೋದ ಮಳೆಗಾಲದಲ್ಲಿ ಹಿತ್ತಿಲಲ್ಲಿ ಜಾರಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಬೆಂಗಳೂರಿಗೆ ಕರೆದರೆ "ನಾಲ್ಕು ದಿನ ಇರ್ತೀನಿ, ಐದನೇ ದಿನ ಬಸ್ ಹತ್ತಿಸು" ಅನ್ನುತ್ತಾರೆ. ಬಚ್ಚಲು, ಕಕ್ಕಸು ಎರಡೂ ಮನೆಯಿಂದ ಹೊರಗಿವೆ. ಸುಮಾರು 40 ಸಾವಿರ ರೂಪಾಯಿ ಖರ್ಚು ಮಾಡಬಲ್ಲೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅಮ್ಮನ ಮಂಚದಿಂದ ಶುರು ಮಾಡಿ. ಮುಂದಿನ ಸಲ ಊರಿಗೆ ಹೋದಾಗ ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ, ಅವರ ಮಂಚದಿಂದ ಕಕ್ಕಸಿನವರೆಗೆ ನೀವೇ ನಡೆದು ನೋಡಿ. ಮಳೆಗಾಲದಲ್ಲಿ ಹೋದರೆ ಇನ್ನೂ ಒಳ್ಳೆಯದು. ಎಷ್ಟು ಹೊಸ್ತಿಲು ದಾಟಿದಿರಿ, ಎಲ್ಲಿ ಗೋಡೆ ತಡಕಿದಿರಿ, ಎಲ್ಲಿ ಕಾಲು ಜಾರಿತು ಅಂತ ಬರೆದುಕೊಳ್ಳಿ. ನಿಮ್ಮ 40 ಸಾವಿರ ಹೋಗಬೇಕಾದ್ದು ಆ ಜಾಗಗಳಿಗೆ.

ಮೊದಲು ಹಿತ್ತಿಲು. ಪಾಚಿ ಕಟ್ಟಿದ ಅಂಗಳ ನಮ್ಮ ಕಡೆ ಯಾರಿಗೂ ಹೊಸದಲ್ಲ. ಹಿಂದಿನ ಬಾಗಿಲಿನಿಂದ ಬಚ್ಚಲಿನವರೆಗೆ ಒಂದು ತಗಡಿನ ಮಾಡು ಇಳಿಸಿ. ಇಡೀ ಅಂಗಳಕ್ಕೆ ಬೇಡ, ಒಬ್ಬರು ನಡೆಯುವಷ್ಟು ಅಗಲ ಸಾಕು. ನೀರು ಬೀಳುವುದು ನಿಂತರೆ ಪಾಚಿ ಅರ್ಧ ಕಮ್ಮಿ ಆಗುತ್ತದೆ. ಆ ದಾರಿಗೆ ಒರಟು ಮೈಯ ಕಲ್ಲು ಹಾಸಿ. ಇಲ್ಲವೇ ಸಿಮೆಂಟ್ ಹಾಕಿ, ಅದು ಹಸಿ ಇರುವಾಗಲೇ ಕಡ್ಡಿ ಪೊರಕೆಯಿಂದ ಅಡ್ಡಡ್ಡ ಗೀರು ಎಳೆಸಿ. ಕೆಸರಿಗೆ ಅಂತ ಹಾಕಿದ ಅಡಿಕೆ ದಬ್ಬೆಗಳನ್ನು ಅಮ್ಮ ಓಡಾಡುವ ದಾರಿಯಿಂದ ತೆಗೆಸಿಬಿಡಿ. ಅವು ಹೊರಳುತ್ತವೆ, ಹಳತಾದರೆ ಜಾರುತ್ತವೆ. ಒಂದು ಬದಿಗೆ ಉದ್ದಕ್ಕೂ ಜಿಐ ಪೈಪಿನ ಕೈಹಿಡಿ ಇರಲಿ. ಬಿದಿರು ಬೇಡ, ಮಳೆಗೆ ಕುಂಬಾಗುತ್ತದೆ. ಕುಂಬಾಗಿದೆ ಅಂತ ಗೊತ್ತಾಗುವುದು ಅದರ ಮೇಲೆ ಭಾರ ಬಿಟ್ಟ ದಿನವೇ. ಮಳೆ ಶುರುವಾಗುವ ಮುಂಚೆ ಒಮ್ಮೆ, ಆಮೇಲೆ ಪಾಚಿ ಕಂಡಾಗಲೆಲ್ಲ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಈ ಕೆಲಸ ಅಮ್ಮ ಮಾಡಬಾರದು.

ಇನ್ನು ಹೊಸ್ತಿಲು. ಎಂಜಿನಿಯರ್ ಬಂದರೆ 'ಕೊಯ್ದುಬಿಡೋಣ' ಅನ್ನುತ್ತಾರೆ. ದಿನಾ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುವ ಅಮ್ಮ ಒಪ್ಪುತ್ತಾರಾ? ಕೇಳಲೂ ಹೋಗಬೇಡಿ, ಬೇರೆ ದಾರಿ ಇದೆ. ಎಂಟು ಇಂಚಿನ ಹೊಸ್ತಿಲಾದರೆ ಎರಡೂ ಬದಿಗೆ ನಾಲ್ಕು ಇಂಚಿನ ಮೆಟ್ಟಿಲು ಮಾಡಿಸಿ. ಬಾಗಿಲಿನಷ್ಟೇ ಅಗಲ, ಪಾದ ಪೂರ್ತಿ ಊರಲು ಒಂದಡಿ ಆಳ. ಒಂದು ದೊಡ್ಡ ಹೆಜ್ಜೆ ಎರಡು ಸಣ್ಣ ಹೆಜ್ಜೆ ಆಗುತ್ತದೆ. ಅಂಚಿಗೆ ಬಿಳಿ ಪಟ್ಟಿ ಬಳಿಯಿರಿ. ಕೆಂಪು ನೆಲಕ್ಕೆ ಕೆಂಪು ಮೆಟ್ಟಿಲು ಇದ್ದರೆ ಪೊರೆ ಬಂದ ಕಣ್ಣಿಗೆ ಎಲ್ಲಾ ಒಂದೇ ಆಗಿ ಕಾಣುತ್ತದೆ. ಬಾಗಿಲ ಚೌಕಟ್ಟಿಗೆ ನೆಟ್ಟಗೆ ಒಂದು ಹಿಡಿಕೆ ಹೊಡೆಸಿ. ಹಳೇ ಮನೆಯ ಚೌಕಟ್ಟುಗಳು ದಪ್ಪ ಮರದವು. ಗೆದ್ದಲು ಹಿಡಿದಿಲ್ಲ ಅಂದರೆ ಸ್ಕ್ರೂ ಅಲ್ಲಿ ಕೂತಷ್ಟು ಗಟ್ಟಿಯಾಗಿ ಗೋಡೆಯಲ್ಲಿ ಕೂರುವುದಿಲ್ಲ.

ಬಾಗಿಲು ಬಾಗಿಲಿಗೂ ಕಾಲೊರೆಸಲು ಹಾಸಿದ ಗೋಣಿಚೀಲ ಇದೆಯಲ್ಲ, ಅದು ಇವತ್ತೇ ಹೋಗಬೇಕು. ನಾನು ಹೋದ ಮನೆಗಳಲ್ಲಿ ಸಿಟ್ಟು ಬರಿಸುವ ವಸ್ತು ಇದೊಂದೇ. ಒದ್ದೆಯಾದರೆ ಜಾರುತ್ತದೆ, ಒಣಗಿದರೆ ಅಂಚು ಮೇಲೆದ್ದು ಬೆರಳಿಗೆ ಸಿಕ್ಕುತ್ತದೆ. ತೆಳು ರಬ್ಬರ್ ಮ್ಯಾಟ್ ಹಾಕಿ. ಅಟ್ಟೆ ಸವೆದು ನುಣ್ಣಗಾದ ಹವಾಯಿ ಚಪ್ಪಲಿಯೂ ಅದರ ಜೊತೆಗೇ ಹೋಗಲಿ. ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ತಣ್ಣನೆಯ ಗಾರೆ ನೆಲ ಬೆವರುತ್ತದೆ. ನೀರು ಚೆಲ್ಲದಿದ್ದರೂ ಜಾರುವುದು ಅದಕ್ಕೇ. ಒಳಗೆ ಓಡಾಡಲು ಹಿಮ್ಮಡಿಗೆ ಪಟ್ಟಿ ಇರುವ, ಅಡಿ ಒರಟಾದ ಚಪ್ಪಲಿ ಬೇರೆ ಕೊಡಿಸಿ.

ರಾತ್ರಿ ಹೊರಗಿನ ಕಕ್ಕಸಿಗೆ ಹೋಗುವುದೇ ನಿಲ್ಲಬೇಕು. ಮಲಗುವ ಕೋಣೆ ಪಕ್ಕ ಉಗ್ರಾಣ ಇದ್ದರೆ ಅದನ್ನೇ ಮುಂದೆ ಟಾಯ್ಲೆಟ್ ಮಾಡಿಸಬಹುದು. ಪೈಪು, ಗುಂಡಿ ಎಲ್ಲ ಸೇರಿ ನಿಮ್ಮ ದುಡ್ಡು ಅದೊಂದಕ್ಕೇ ಖರ್ಚಾದೀತು. ಸದ್ಯಕ್ಕೆ ಕಮೋಡ್ ಕುರ್ಚಿ ತನ್ನಿ, ಶಿವಮೊಗ್ಗದ ಸರ್ಜಿಕಲ್ ಅಂಗಡಿಗಳಲ್ಲಿ ಕೆಲವೇ ಸಾವಿರಕ್ಕೆ ಸಿಗುತ್ತದೆ. 'ದೇವರ ಕೋಣೆ ಪಕ್ಕ ಅದಾ?' ಅಂತ ಅಮ್ಮ ಮುಖ ಸಿಂಡರಿಸಬಹುದು. ರಾತ್ರಿ ಮಾತ್ರ ಕೋಣೆಗೆ ಬರುತ್ತದೆ, ಬೆಳಿಗ್ಗೆ ಕೆಲಸದವರು ತೊಳೆದು ಹೊರಗಿಡುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ. ಕೆಲಸದವರ ಹತ್ತಿರವೂ ಕೇಳಿ, ಅದಕ್ಕೆ ಬೇರೆ ದುಡ್ಡು ಕೊಡಿ.

ಕರೆಂಟ್ ವಿಷಯ ನಿಮಗೇ ಗೊತ್ತು. ಸೋಲಾರ್ ದೀಪ ನಂಬಿಕೊಂಡರೆ ಆಷಾಢದಲ್ಲಿ ಕತ್ತಲೇ ಗತಿ. ಯುಪಿಎಸ್ ಇದ್ದರೆ ಮಂಚದಿಂದ ಬಾಗಿಲಿನವರೆಗಿನ ದೀಪಗಳನ್ನು ಮೊದಲು ಅದಕ್ಕೆ ಸೇರಿಸಿ, ಟಿವಿ ಆಮೇಲೆ. ಇಲ್ಲದಿದ್ದರೆ ಬ್ಯಾಟರಿಯ ಸೆನ್ಸರ್ ದೀಪಗಳನ್ನು ಮೊಣಕಾಲಿನ ಎತ್ತರಕ್ಕೆ ಅಂಟಿಸಿ. ಮಂಚದಿಂದ ಕಾಲು ಇಳಿಸಿದ ಕೂಡಲೇ ಹತ್ತಿಕೊಳ್ಳುತ್ತವೆ. ಎದ್ದ ತಕ್ಷಣ ನಡೆಯಬಾರದು, ಒಂದೆರಡು ನಿಮಿಷ ಮಂಚದ ಅಂಚಿನಲ್ಲಿ ಕೂರಬೇಕು. ಮಲಗಿದವರು ಎದ್ದಾಗ ಬಿಪಿ ಸರ್ರನೆ ಇಳಿಯುವುದು ಈ ವಯಸ್ಸಿನಲ್ಲಿ ಜಾಸ್ತಿ. ಬಿಪಿ ಮಾತ್ರೆ, ನಿದ್ರೆ ಮಾತ್ರೆ ತಗೊಳ್ಳುತ್ತಿದ್ದರೆ ಚೀಟಿ ಹಿಡಿದು ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ.

ಬಚ್ಚಲಲ್ಲಿ ಹಂಡೆ ಇರಲಿ, ಅದನ್ನು ತೆಗೆಸಿದರೆ ಅಮ್ಮನಿಗೆ ಸ್ನಾನ ಮಾಡಿದ ಹಾಗೇ ಆಗುವುದಿಲ್ಲ. ಬಗ್ಗಿ ತೋಡುವುದು ಮಾತ್ರ ಬೇಡ. ಕೂತು ಸ್ನಾನ ಮಾಡಲು ಕಾಲಿಗೆ ರಬ್ಬರ್ ಇರುವ ಗಟ್ಟಿ ಸ್ಟೂಲು, ಪಕ್ಕದಲ್ಲಿ ಅಷ್ಟೇ ಎತ್ತರದ ಕಟ್ಟೆ ಮೇಲೆ ಬಕೆಟ್. ಕೆಲಸದವರು ಬಂದಾಗ ನೀರು ಬೆರೆಸಿಟ್ಟು ಕೊಡಲಿ. ಸುಡುಸುಡು ನೀರು ಹೊಯ್ದುಕೊಂಡು ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಹಂಡೆ ಬದಲು ಗ್ಯಾಸ್ ಗೀಸರ್ ಹಾಕಿಸುವ ಯೋಚನೆ ಇದ್ದರೆ ಅದು ಬಚ್ಚಲಿನ ಹೊರಗೋಡೆಗೆ ಇರಬೇಕು. ಮುಚ್ಚಿದ ಕೋಣೆಯೊಳಗೆ ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಜೀವ ಹೋಗುತ್ತದೆ. ಬಚ್ಚಲ ಬಾಗಿಲು ಹೊರಕ್ಕೆ ತೆರೆಯುವ ಹಾಗೆ ಮಾಡಿಸಿ. ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡ ಬಿದ್ದವರನ್ನು ಹೊರತೆಗೆಯುವುದು ಬಹಳ ಕಷ್ಟ. ಒಳಚಿಲಕ ತೆಗೆಸಿಬಿಡಿ, ಒಬ್ಬರೇ ಇರುವ ಮನೆಯಲ್ಲಿ ಅದು ಯಾರಿಗೆ ಬೇಕು?

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಮನೆ. ಅಪ್ಪಯ್ಯನಿಗೆ 81, ಪಾರ್ಕಿನ್ಸನ್ ಇದೆ. ಕಮೋಡ್ ಪಕ್ಕ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿದ್ದೆವು. ಎರಡೇ ತಿಂಗಳಿಗೆ ಪ್ಲಗ್ ಸಮೇತ ಕಿತ್ತು ಬಂತು. ಬಾಗಿಲ ಹತ್ತಿರ ಬಂದರೆ ಅಪ್ಪಯ್ಯ ಕಾಲು ಅಂಟಿದವರ ಹಾಗೆ ನಿಂತುಬಿಡುತ್ತಾರೆ. ಏನು ಮಾಡುವುದು?

ಉತ್ತರ: ನಿಮ್ಮದು ಮಣ್ಣಿನ ಗೋಡೆ ಅಥವಾ ಜಂಬಿಟ್ಟಿಗೆ ಗೋಡೆ ಇರಬೇಕು. ಪ್ಲಾಸ್ಟಿಕ್ ಪ್ಲಗ್ಗು ಕಾಂಕ್ರೀಟಿನಲ್ಲಿ ಕಚ್ಚಿಕೊಳ್ಳುವ ಹಾಗೆ ಇಲ್ಲಿ ಕಚ್ಚುವುದಿಲ್ಲ. ಹಿಡಿಕೆ ಕನಿಷ್ಠ ನೂರು ಕಿಲೋಕ್ಕಿಂತ ಜಾಸ್ತಿ ತಡೆಯಬೇಕು, ಬೀಳುವವರು ಮೆಲ್ಲಗೆ ಹಿಡಿಯುವುದಿಲ್ಲವಲ್ಲ. ಗೋಡೆಗೆ ಆರುಪಾರು ತೂತು ಕೊರೆಸಿ ಉದ್ದ ಬೋಲ್ಟ್ ಹಾಕಿ, ಆಚೆ ಬದಿಗೆ ಅಂಗೈ ಅಗಲದ ಕಬ್ಬಿಣದ ಪ್ಲೇಟ್ ಕೊಟ್ಟು ಬಿಗಿಸಬೇಕು. ಗೋಡೆ ತೀರಾ ಸಡಿಲವಾಗಿದ್ದರೆ ಅದರ ಸಹವಾಸವೇ ಬೇಡ. ಕಮೋಡ್‌ನ ಎರಡೂ ಪಕ್ಕ ನೆಲಕ್ಕೇ ಕಾಂಕ್ರೀಟ್ ಹಾಕಿ ನಿಲ್ಲಿಸುವ ಸ್ಟೀಲ್ ಪೈಪು ಮಾಡಿಸಿ, ಊರಿನ ವೆಲ್ಡಿಂಗ್ ಶಾಪಿನವರೇ ಮಾಡುತ್ತಾರೆ. ಪೈಪಿನ ದಪ್ಪ ಒಂದೂಕಾಲರಿಂದ ಒಂದೂವರೆ ಇಂಚು. ಗೋಡೆ ಪಕ್ಕ ಆದರೆ ನಡುವೆ ಒಂದೂವರೆ ಇಂಚು ಸಂದು ಬಿಡಿ. ಎತ್ತರಕ್ಕೆ ಪುಸ್ತಕದ ಅಳತೆ ನೋಡಬೇಡಿ. ಅಪ್ಪಯ್ಯನನ್ನು ಕೂರಿಸಿ, ಏಳುವಾಗ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ನಿರ್ವಾತದಲ್ಲಿ ಟೈಲ್ಸಿಗೆ ಅಂಟುವ ಹಿಡಿಕೆ ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತದೆ, ದಯವಿಟ್ಟು ತರಬೇಡಿ.

ಬಾಗಿಲಲ್ಲಿ ನಿಂತುಬಿಡುವುದು ಹಠ ಅಲ್ಲ, ಕಾಯಿಲೆಯ ಲಕ್ಷಣ. ಹಿಂದಿನಿಂದ ತಳ್ಳಬೇಡಿ, ಕೈ ಹಿಡಿದು ಎಳೆಯಲೂಬೇಡಿ. ಬಾಗಿಲಿನ ಈಚೆ ಆಚೆ ನೆಲಕ್ಕೆ ಅಡ್ಡಡ್ಡ ಬಣ್ಣದ ಟೇಪು ಅಂಟಿಸಿ, ಅವರ ಒಂದೊಂದು ಹೆಜ್ಜೆಗೆ ಒಂದು ಗೆರೆ. 'ಗೆರೆ ದಾಟಿ' ಅಂದರೆ ಎಷ್ಟೋ ಜನಕ್ಕೆ ಕಾಲು ಏಳುತ್ತದೆ. 'ಒಂದು, ಎರಡು' ಅಂತ ತಾಳಕ್ಕೆ ಎಣಿಸಿದರೂ ಆಗುತ್ತದೆ. ಎಲ್ಲರಿಗೂ ಒಂದೇ ಉಪಾಯ ಹಿಡಿಯುವುದಿಲ್ಲ, ಎರಡನ್ನೂ ಮಾಡಿ ನೋಡಿ.

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ ಇದ್ದಾರೆ. ಬಿದ್ದರೆ ಫೋನಿಗೆ ಸುದ್ದಿ ಕಳಿಸುವ ವಾಚ್ ಕೊಡಿಸಬಹುದಾ?

ಉತ್ತರ: ನೆಟ್‌ವರ್ಕ್ ನೋಡಿಕೊಂಡು ಕೊಡಿಸಿ. ಕರೆಂಟ್ ಹೋಗಿ, ಟವರ್ ಬ್ಯಾಟರಿಯೂ ಮುಗಿದ ಮೇಲೆ ಆ ವಾಚು ಸುಮ್ನೆ ಟೈಮ್ ತೋರಿಸುತ್ತದೆ. ಕುತ್ತಿಗೆಗೆ ಒಂದು ಪೀಪಿ ಹಾಕಿಸಿ. ಮಂಚದ ಹತ್ತಿರ ಜಾಗಟೆ ಇಡಿ, ಮಳೆ ಜೋರಿಲ್ಲದಿದ್ದರೆ ಆಚೆ ಮನೆಗೂ ಕೇಳುತ್ತದೆ. ಪಕ್ಕದ ಮನೆಯವರಿಗೆ ಒಂದು ಬೀಗದಕೈ ಕೊಟ್ಟು, ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ ಬಂದು ನೋಡಿ ಅಂತ ಹೇಳಿಡಿ. ಫೋನಿನ ಪಕ್ಕ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 108, ಪಕ್ಕದ ಮನೆಯ ನಂಬರ್, ಮತ್ತೆ ಟಾರ್ ರಸ್ತೆಯಿಂದ ಮನೆಗೆ ಬರುವ ಗುರುತು ಬರೆದಿಡಿ. ಗಾಬರಿಯಲ್ಲಿ ಆಂಬುಲೆನ್ಸಿನವರಿಗೆ ದಾರಿ ಹೇಳಲು ಬಾಯಿ ಬರುವುದಿಲ್ಲ. ಹಿರಿಯರ ಸಹಾಯವಾಣಿ 14567 ಕೂಡ ಬರೆದಿಡಿ. ಅದು ಪಿಂಚಣಿ, ಆರೈಕೆ, ಕಾನೂನಿನ ವಿಚಾರ ಕೇಳಲು, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ. ರಾತ್ರಿ ಬಿದ್ದರೆ 108ಕ್ಕೇ ಮಾಡಬೇಕು ಅನ್ನುವುದನ್ನು ಇಬ್ಬರಿಗೂ ಬಿಡಿಸಿ ಹೇಳಿ.