ಮಗಳ ತೂಕದ ಚಿಂತೆ, ಮಗನ ಸಪೂರ ಮೈ

ಪ್ರಶ್ನೆ: ಮಗಳಿಗೆ 11 ವರ್ಷ, ಎತ್ತರ 140 ಸೆಂ.ಮೀ., ತೂಕ 42 ಕಿಲೊ. ಶಾಲೆಯ ಕಾರ್ಡಿನಲ್ಲಿ ಬಿಎಂಐ 21.4 ಎಂದು ಬರೆದು ಕೆಂಪು ಗೆರೆ ಎಳೆದಿದ್ದಾರೆ. ಖೊಖೊ ತಂಡದಿಂದಲೂ ಕೈಬಿಟ್ಟರು. ಅತ್ತೆಯವರು ಅವಳ ತಟ್ಟೆಯಿಂದ ರೊಟ್ಟಿ ತೆಗೆಯುತ್ತಾರೆ. 13 ವರ್ಷದ ಮಗ 150 ಸೆಂ.ಮೀ., 34 ಕಿಲೊ. ಸಪೂರ ಇದ್ದಾನೆ, ಅವನ ಚಿಂತೆಯಿಲ್ಲ. ಮಗಳ ತೂಕ ಇಳಿಸುವುದು ಹೇಗೆ?
– ಒಬ್ಬ ತಾಯಿ, ಬೆಟಗೇರಿ

ಉತ್ತರ: ತಾಯಿ, ಮೊದಲು ಆ ರೊಟ್ಟಿಯನ್ನು ಅವಳ ತಟ್ಟೆಗೆ ಮರಳಿ ಹಾಕಿ. ಧಾರವಾಡದ ಶಾಲಾ ಮೈದಾನಗಳಲ್ಲಿ ದೈಹಿಕ ಶಿಕ್ಷಕನಾಗಿ ದುಡಿದವನು ನಾನು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ತಿಂದು ಮಕ್ಕಳು ಕೆಟ್ಟದ್ದನ್ನು ಕಂಡಿಲ್ಲ. ಕಡಿಮೆ ಮಾಡಬೇಕಾದದ್ದು ಸಂಜೆಯ ಬೇಕರಿ ತಿನಿಸು, ಸಿಹಿ ಪಾನೀಯ.

ಬಿಎಂಐ ಎಂದರೆ ಕಿಲೊ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ. ಅದರಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂಬುದು ತಿಳಿಯದು. ದೊಡ್ಡವರ ಅಳತೆಗೋಲು ಮಕ್ಕಳಿಗೆ ಹೊಂದುವುದೂ ಇಲ್ಲ. ವಯಸ್ಸು, ಲಿಂಗಕ್ಕೆ ತಕ್ಕ ಪಟ್ಟಿಯಲ್ಲಿ ನೋಡಬೇಕು. ಹಾಗೆ ನೋಡಿದರೆ ನಿಮ್ಮ ಮಗಳ ತೂಕ ಹೆಚ್ಚೇ ಇದೆ, ಆದರೆ ಬೊಜ್ಜಿನ ಗೆರೆ ದಾಟಿಲ್ಲ. ಈ ವಯಸ್ಸಿನಲ್ಲಿ ಹೆಣ್ಣುಮಕ್ಕಳು ವೇಗವಾಗಿ ಬೆಳೆಯುತ್ತಾರೆ. ತೂಕ ಹೀಗೇ ನಿಂತು ಎತ್ತರ ಏರಿದರೂ ಆ ಸಂಖ್ಯೆ ತಾನಾಗಿ ಇಳಿಯುತ್ತದೆ. ಹೊಟ್ಟೆಯ ಸುತ್ತಳತೆಯನ್ನೂ ನೋಡಿ. ಎತ್ತರದ ಅರ್ಧ, ಅಂದರೆ 70 ಸೆಂ.ಮೀ. ಮೀರದಿದ್ದರೆ ಒಳ್ಳೆಯದು.

ಹೆಚ್ಚಿನ ತೂಕ ಓಟದಲ್ಲಿ ಕಾಡುವುದು ನಿಜ. 600 ಮೀಟರ್ ಓಡುವವರು ತಮ್ಮ ಮೈಭಾರವನ್ನೂ ಹೊತ್ತೇ ಓಡಬೇಕು. ದಂಡ ಹೊಡೆಯುವಾಗಲೂ ಹಾಗೆಯೇ. ಆದರೆ ಗುಂಡು ಎಸೆತದಲ್ಲಿ, ಕೈಹಿಡಿತದ ಬಲದಲ್ಲಿ ಇಂಥ ಮಕ್ಕಳು ಎಷ್ಟೋ ಸಲ ಮುಂದಿರುತ್ತಾರೆ. ಕುಳಿತು ಮುಂದಕ್ಕೆ ಬಾಗಿ ಕಾಲ್ಬೆರಳು ಮುಟ್ಟುವುದಕ್ಕೂ ತೂಕಕ್ಕೂ ಹೆಚ್ಚು ನಂಟಿಲ್ಲ. ಒಂದು ಕಾರ್ಡು ನೋಡಿ ಮಗುವನ್ನು ಆಟದಿಂದ ಹೊರಗಿಡುವುದು ನನಗೆ ತೀರಾ ನೋವಿನ ಸಂಗತಿ. ಆಟ ಬಹಳ ಬೇಕಾದವಳೇ ಅವಳು! ಪಂದ್ಯಕ್ಕೆ ಬೇಡವೆಂದರೂ ಅಭ್ಯಾಸಕ್ಕೆ ಸೇರಿಸಿಕೊಳ್ಳಿ ಎಂದು ಶಿಕ್ಷಕರನ್ನು ಕೇಳಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಗ್ಗದಾಟ, ಕುಂಟೆಬಿಲ್ಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅವಳ ಓಟದ ಸಮಯವನ್ನು ಅವಳದೇ ಹಿಂದಿನ ಸಮಯದೊಂದಿಗೆ ಹೋಲಿಸಿ, ಗೆಳತಿಯರದರೊಂದಿಗಲ್ಲ.

ಈಗ ಮಗನ ವಿಷಯ. ಅವನ ಬಿಎಂಐ 15.1, ಆ ವಯಸ್ಸಿನ ಕೆಳಗಿನ ಗೆರೆಗೆ ಬಹಳ ಹತ್ತಿರ. ಸಪೂರ ಮೈಯೆಂದರೆ ಗಟ್ಟಿಮೈಯಲ್ಲ. ಸ್ನಾಯು ಸಾಲದ ಮಕ್ಕಳಿಗೂ ಜಿಗಿತ, ಎಸೆತ ಕೈಗೂಡುವುದಿಲ್ಲ. ರಕ್ತಹೀನತೆಯಿದ್ದರೆ ಓಟದಲ್ಲಿ ಬೇಗ ಏದುಸಿರು. ಅವನು ಎಷ್ಟು ದಂಡ ಹೊಡೆಯುತ್ತಾನೆ, ಮೆಟ್ಟಿಲು ಹತ್ತಿದರೆ ದಣಿಯುತ್ತಾನೆಯೇ ಎಂದು ಗಮನಿಸಿ. ಊಟದಲ್ಲಿ ಶೇಂಗಾ, ಕಾಳು, ಹಾಲು, ತಿನ್ನುವವರಾದರೆ ಮೊಟ್ಟೆ ಹೆಚ್ಚಿಸಿ. ಜಂತುಹುಳುವಿನ ಮಾತ್ರೆ ಶಾಲೆಯಲ್ಲಿ ನುಂಗಿದ್ದಾನೋ ಇಲ್ಲವೋ ವಿಚಾರಿಸಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅವನನ್ನು ಈ ವಾರವೇ ಕರೆದೊಯ್ದು ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಿ.