ನೆಚ್ಚಿನ ಆಟದ ಮೇಲೊಂದು ಟೀಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಕ್ಕಳ ಮೊಬೈಲ್ ಆಟಗಳ ಕುರಿತು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಉತ್ತರ ಕನ್ನಡ ಜಿಲ್ಲೆಯಿಂದ ಬಂದ ನಾಲ್ಕು ಪತ್ರಗಳು ಒಂದೇ ವಿಷಯಕ್ಕೆ ಸೇರಿದವು. ಅವುಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗ ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ನಾಲ್ಕು ವರ್ಷದಿಂದ ಆಡುತ್ತಿರುವ ಒಂದು ಮೊಬೈಲ್ ಆಟದ ಹೊಸ ಅಪ್‌ಡೇಟ್ ಚೆನ್ನಾಗಿಲ್ಲವೆಂದು ಅವನು ಆಟಗಾರರ ಗುಂಪೊಂದರಲ್ಲಿ ಬರೆದನಂತೆ. ಅಂದು ರಾತ್ರಿಯಿಂದ ಗುರುತಿಲ್ಲದವರೆಲ್ಲ ಅವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಾರೆ. ಮನೆ ಹುಡುಕಿ ಬಂದು ಕೈ ಮುರಿಯುತ್ತೇನೆ ಎಂದೂ ಒಬ್ಬ ಬರೆದಿದ್ದಾನೆ. ಮಗ ಊಟಕ್ಕೆ ಕೂತಾಗ ಫೋನನ್ನು ಬೋರಲು ಹಾಕಿ, ಎರಡು ತುತ್ತಿಗೊಮ್ಮೆ ಎತ್ತಿ ನೋಡುತ್ತಾನೆ. ಫೋನ್ ಕಿತ್ತಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ ನಮ್ಮ ಮನೆಯವರು. ಆಟದ ಬಗ್ಗೆ ಒಂದು ಮಾತು ಹೇಳಿದ್ದಕ್ಕೆ ಇಷ್ಟು ಸಿಟ್ಟು ಏಕೆ?
— ಒಬ್ಬ ತಾಯಿ, ಶಿರಸಿ ತಾಲ್ಲೂಕು

ಉತ್ತರ: ನಿಮ್ಮ ಪತ್ರದ ಜೊತೆಗಿದ್ದ ಸ್ಕ್ರೀನ್‌ಶಾಟ್‌ಗಳನ್ನು ಒಂದೊಂದಾಗಿ ಓದಿದ್ದೇನೆ. ನಿಮ್ಮ ಮಗ ಬರೆದದ್ದು ಏಳೇ ಸಾಲು. ಅಪ್‌ಡೇಟ್ ಹಾಕಿಕೊಂಡ ಮೇಲೆ ಅರ್ಧ ಗಂಟೆಯಲ್ಲಿ ಫೋನ್ ಕಾದ ಕಾವಲಿಯಾಗುತ್ತದೆ, ಆಟದ ಕೊನೆಗೆ ಉಳಿದವರೆಲ್ಲ ಸೇರುವ ಕಿರಿದಾದ ವೃತ್ತದಲ್ಲಿ ಐದಾರು ಜನ ಎದುರಾದ ಕೂಡಲೇ ಚಿತ್ರ ತಡವರಿಸುತ್ತದೆ, ಇದನ್ನು ಸರಿಪಡಿಸುವುದು ಬಿಟ್ಟು ಹೊಸ ಹೊಸ ಸ್ಕಿನ್‌ಗಳನ್ನೇ (ಪಾತ್ರ, ಆಯುಧಗಳ ಉಡುಗೆ-ಅಲಂಕಾರಗಳನ್ನೇ) ಮಾರಾಟಕ್ಕೆ ಇಡುತ್ತಿದ್ದಾರೆ ಎಂದು ಅವನು ಬರೆದಿದ್ದಾನೆ. ಆಟ ತನಗೆ ಇಷ್ಟವಾದ್ದರಿಂದಲೇ ಇಷ್ಟು ಹೇಳಿದೆ ಎಂಬುದು ಅವನ ಕೊನೆಯ ಸಾಲು. ಅದರ ಕೆಳಗೆ ಬಂದ ಮೂವತ್ತೆಂಟು ಉತ್ತರಗಳಲ್ಲಿ ಫೋನ್ ಬಿಸಿಯಾಗುವ ವಿಷಯಕ್ಕೆ ಕೈ ಹಾಕಿದವರು ಇಬ್ಬರು ಮಾತ್ರ. ಉಳಿದವರ ಪಾಲಿಗೆ ಅವನು ನೂಬ್ (ಆಡಲು ಬಾರದವನು), ಹೇಟರ್ (ಆಟದ ದ್ವೇಷಿ), ಬೇರೆ ಆಟದವರಿಂದ ದುಡ್ಡು ತಿಂದು ಬರೆಯುವವನು. ‘ಆಡೋಕೆ ಬರಲ್ಲ ಅಂದ್ರೆ ಅನ್‌ಇನ್‌ಸ್ಟಾಲ್ ಮಾಡು’, ‘ಮೊದಲು ಒಳ್ಳೆ ಫೋನ್ ತಗೋ’ ಎಂಬವು ಅವುಗಳಲ್ಲಿ ಸೌಮ್ಯವಾದವು. ಅಡಿಕೆ ಮಾರಿದ ದುಡ್ಡಿನಲ್ಲಿ ಉಳಿಸಿ ಕೊಡಿಸಿದ ಫೋನ್ ಅದು ಎಂದು ನೀವು ಬರೆದಿದ್ದೀರಿ. ಆ ಕೊನೆಯ ಮಾತು ಅವನಿಗೆ ಎಲ್ಲಿ ತಾಗಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸಿಟ್ಟಿನ ಮೂಲವನ್ನು ಹುಡುಕುವಾಗ ನನಗೆ ಮೊದಲು ಕಾಣುವುದು ಆಟದೊಳಗೆ ಹೂತಿಟ್ಟ ಆಯುಸ್ಸು. ರಾತ್ರಿ ನಿದ್ದೆಗೆಟ್ಟು ಮೇಲೇರಿಸಿಕೊಂಡ ರ‍್ಯಾಂಕ್, ಕೈಖರ್ಚಿಗೆ ಕೊಟ್ಟ ಹಣದಲ್ಲಿ ಕೊಂಡ ಸ್ಕಿನ್, ಸ್ಕ್ವಾಡ್ ಎಂಬ ಆಟದ ತಂಡದಲ್ಲಿ ಸಿಕ್ಕ ಸ್ನೇಹಿತರು ಎಲ್ಲವೂ ಆ ಆಟದೊಳಗೇ ಇರುವುದರಿಂದ, ಆಟ ಚೆನ್ನಾಗಿಲ್ಲ ಎಂಬ ಮಾತು ‘ನಿನ್ನ ಇಷ್ಟು ವರ್ಷ ವ್ಯರ್ಥ’ ಎಂದು ಕೇಳಿಸುತ್ತದೆ. ಎರಡನೆಯ ಕಾರಣ ನಮ್ಮ ಮನೆಗಳಲ್ಲೇ ಇದೆ. ಈ ಹುಡುಗರು ‘ಹಾಳು ಚಟ’ ಎಂಬ ಮಾತನ್ನು ಮನೆಯಲ್ಲಿ, ಶಾಲೆಯಲ್ಲಿ, ನೆಂಟರ ಬಾಯಲ್ಲಿ ಕೇಳುತ್ತಲೇ ಬೆಳೆದವರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿದಾಗ, ‘ಪೀಡೆ ತೊಲಗಿತು’ ಎಂದು ಹಿರಿಯರು ಹೇಳಿದ್ದನ್ನು ಅವರು ಎದುರಿಗೇ ನಿಂತು ಕೇಳಿದ್ದಾರೆ. ಹೊರಗಿನವರೆಲ್ಲ ಹೀಗಳೆಯುವ ವಸ್ತುವನ್ನು ಎದೆಗವಚಿ ಹಿಡಿದವನಿಗೆ, ತನ್ನ ಜೊತೆಯ ಆಟಗಾರ ಕಾಳಜಿಯಿಂದ ಆಡಿದ ಮಾತೂ ಶತ್ರುವಿನ ಮಾತಾಗಿಯೇ ಕೇಳಿಸುತ್ತದೆ. ಇದು ನನಗೆ ಅರ್ಥವಾಗುತ್ತದೆ. ಆದರೆ ಕೈ ಮುರಿಯುತ್ತೇನೆ ಎಂದು ಬರೆದ ಬೆರಳಿಗೆ ಇದರಿಂದ ಯಾವ ಸಮರ್ಥನೆಯೂ ದೊರೆಯುವುದಿಲ್ಲ.

ಇದು ನಮ್ಮೂರಿನ ಹುಡುಗರಲ್ಲಿ ಮಾತ್ರ ಇರುವ ದೋಷವೆಂದೂ ತಿಳಿಯಬೇಡಿ. 2013ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ ಐದನೆಯ ಆಟ ಬಂದಾಗ ಅಮೆರಿಕದ ವಿಮರ್ಶಕಿಯೊಬ್ಬರು ಅದನ್ನು ಮನಸಾರೆ ಹೊಗಳಿ, ಹೆಣ್ಣುಮಕ್ಕಳನ್ನು ಅದು ಚಿತ್ರಿಸಿದ ರೀತಿಯನ್ನು ಆಕ್ಷೇಪಿಸಿ, ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರು. ಕಡಿಮೆಯಾದ ಆ ಒಂದು ಅಂಕಕ್ಕಾಗಿ ಅವರನ್ನು ಕೆಲಸದಿಂದ ತೆಗೆಯಬೇಕೆಂದು ಮನವಿ ಸಿದ್ಧವಾಯಿತು, ಸಾವಿರಾರು ಜನ ಸಹಿ ಹಾಕಿದರು.

ಫೋನ್ ಕಿತ್ತುಕೊಳ್ಳಬೇಡಿ. ಹಾಗೆ ಮಾಡಿದರೆ ಬೈಸಿಕೊಂಡವನಿಗೇ ಇನ್ನೊಂದು ಶಿಕ್ಷೆ ಕೊಟ್ಟಂತಾಗುತ್ತದೆ, ಮತ್ತು ಮುಂದೆ ಇಂಥದ್ದು ನಡೆದರೆ ಅವನು ನಿಮ್ಮಲ್ಲಿ ಹೇಳಿಕೊಳ್ಳಲಾರ. ಪಕ್ಕದಲ್ಲಿ ಕೂತು ಆ ಸಂದೇಶಗಳನ್ನು ಅವನ ಜೊತೆಗೇ ಒಮ್ಮೆ ಓದಿ, ಬೈದವರಿಗೆ ಉತ್ತರ ಬರೆಯದಂತೆ ತಿಳಿಹೇಳಿ, ಅಧಿಸೂಚನೆಗಳನ್ನು ಕೆಲವು ದಿನ ನಿಲ್ಲಿಸಿಡಿ. ಬೆದರಿಕೆ ಹಾಕಿದವನ ವಿಷಯ ಬೇರೆ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಡಿ ಅದು ಅಪರಾಧ, ಹೆಸರು ಮರೆಸಿ ಬೆದರಿಸಿದರೆ ಶಿಕ್ಷೆ ಇನ್ನೂ ಹೆಚ್ಚು. ಆ ಸಂದೇಶವನ್ನು ಅಳಿಸದೆ, ದಿನಾಂಕ ಮತ್ತು ಖಾತೆಯ ವಿಳಾಸ ಕಾಣುವಂತೆ ಉಳಿಸಿಕೊಂಡು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಹತ್ತಿರದ ಠಾಣೆಯಲ್ಲಿ ದೂರು ಕೊಡಿ. ಇನ್ನು, ಫೋನ್ ಬಿಸಿಯಾಗುವ ಬಗ್ಗೆ ಸರಿಯಾಗಿ ಉತ್ತರ ಕೊಟ್ಟ ಆ ಇಬ್ಬರಿದ್ದಾರಲ್ಲ, ಅವರ ಜೊತೆ ಅವನು ಮಾತು ಮುಂದುವರಿಸಲಿ. ಅವರಲ್ಲೊಬ್ಬರು ಗ್ರಾಫಿಕ್ಸ್ ಮಟ್ಟ ಇಳಿಸುವ ಕ್ರಮವನ್ನು ತಾಳ್ಮೆಯಿಂದ ಬರೆದಿರುವುದನ್ನು ಬೈಗುಳಗಳ ನಡುವೆ ನಿಮ್ಮ ಮಗ ಗಮನಿಸಿಯೇ ಇಲ್ಲವೆಂದು ನನ್ನ ಊಹೆ.

ಪ್ರಶ್ನೆ: ನಾನು ಆ ಕಡೆಯವನು. 2020ರಲ್ಲಿ ಸೈಬರ್‌ಪಂಕ್ 2077 ಆಟಕ್ಕೆ ಒಬ್ಬ ವಿಮರ್ಶಕಿ ಹತ್ತಕ್ಕೆ ಏಳು ಅಂಕ ಕೊಟ್ಟಾಗ ಅವರನ್ನು ಕೆಟ್ಟದಾಗಿ ಬೈದವರಲ್ಲಿ ನಾನೂ ಒಬ್ಬ. ಆಗ ನನಗೆ ಹತ್ತೊಂಬತ್ತು ವರ್ಷ. ಆ ಆಟಕ್ಕಾಗಿ ವರ್ಷಗಟ್ಟಲೆ ಕಾದಿದ್ದೆ. ಈಗ ನಾಚಿಕೆಯಾಗುತ್ತದೆ. ಆದರೂ ಕೇಳುತ್ತೇನೆ: ಅರೆಬರೆ ಆಡಿ ಬರೆಯುವ ವಿಮರ್ಶಕರನ್ನು ಪ್ರಶ್ನಿಸುವುದೇ ತಪ್ಪೇ?
— ಒಬ್ಬ ಓದುಗ, ಕಾರವಾರ

ಉತ್ತರ: ಇಂಥ ಪತ್ರ ಬರೆಯಲು ಎದೆಗಾರಿಕೆ ಬೇಕು. ನೀವು ಅದನ್ನು ತೋರಿದ್ದರಿಂದ ನಾನೂ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ಆ ದಿನಗಳನ್ನು ಕ್ರಮವಾಗಿ ನೆನಪಿಸಿಕೊಳ್ಳಿ. ಆಟ ಘೋಷಣೆಯಾದದ್ದು 2012ರಲ್ಲಿ. 2020ರ ಒಂದೇ ವರ್ಷದಲ್ಲಿ ಬಿಡುಗಡೆ ಮೂರು ಸಲ ಮುಂದೆ ಹೋಯಿತು. ವಿಮರ್ಶೆಗಳು ಡಿಸೆಂಬರ್ 7ರಂದು ಬಂದವು, ಆಟ ಬಂದದ್ದು ಡಿಸೆಂಬರ್ 10ರಂದು. ಹಾಗಾದರೆ ಆ ವಿಮರ್ಶಕಿ ಆಡಿ ಮುಗಿಸಿದ ಆಟವನ್ನು ನೀವು ಮತ್ತು ನಿಮ್ಮ ಜೊತೆಗೂಡಿದವರು ಮುಟ್ಟಿಯೂ ನೋಡಿರಲಿಲ್ಲ. ನೀವು ಕಾಪಾಡಲು ಹೊರಟದ್ದು ಎಂಟು ವರ್ಷ ಮನಸ್ಸಿನಲ್ಲಿ ಕಟ್ಟಿಕೊಂಡ ಒಂದು ಆಟವನ್ನು. ಮೂರು ದಿನದ ಮೇಲೆ ನಿಜವಾದ ಆಟ ಕೈಗೆ ಬಂದಾಗ, ಹಳೆಯ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎಂಬ ಆಟದ ಯಂತ್ರಗಳಲ್ಲಿ ಅದು ಆಡಲಾಗದ ಸ್ಥಿತಿಯಲ್ಲಿತ್ತು. ಆ ಆವೃತ್ತಿಗಳನ್ನು ಆಟ ತಯಾರಿಸಿದ ಕಂಪನಿ ಬಿಡುಗಡೆಗೆ ಮುನ್ನ ವಿಮರ್ಶಕರ ಕೈಗೆ ಕೊಟ್ಟೇ ಇರಲಿಲ್ಲ. ಅವರಿಗೆ ದೊರೆತದ್ದು ಪಿಸಿ ಆವೃತ್ತಿ ಮಾತ್ರ. ಡಿಸೆಂಬರ್ 17ರಂದು ಪ್ಲೇಸ್ಟೇಷನ್ ತಯಾರಿಸುವ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಆಟವನ್ನೇ ತೆಗೆದುಹಾಕಿ, ಕೊಂಡವರಿಗೆ ಹಣ ಮರಳಿಸಲು ಮುಂದಾಯಿತು. ಅದು ಅಲ್ಲಿಗೆ ಹಿಂದಿರುಗಿದ್ದು 2021ರ ಜೂನ್‌ನಲ್ಲಿ. ಇದರಿಂದ ಆ ವಿಮರ್ಶೆಯ ಪ್ರತಿ ಸಾಲೂ ಸರಿಯೆಂದು ಸಿದ್ಧವಾಗುವುದಿಲ್ಲ. ಆದರೆ ಅಂದು ಅಭಿಮಾನಿಗಳಿಗೆ ಅಗತ್ಯವಾಗಿ ಬೇಕಾಗಿದ್ದದ್ದು ಇನ್ನಷ್ಟು ಕಟುವಾದ, ಇನ್ನಷ್ಟು ಬೇಗ ಬರುವ ಟೀಕೆ. ಅವರು ಬಾಯಿ ಮುಚ್ಚಿಸಲು ಹೊರಟದ್ದು ಅದನ್ನೇ.

ಅದೇ ವಾರದ ಇನ್ನೊಂದು ಘಟನೆಯನ್ನು ನೆನೆದರೆ ನನಗೆ ಈಗಲೂ ಮೈ ನಡುಗುತ್ತದೆ. ಆಟದ ಒಂದು ಭಾಗದಲ್ಲಿ ಬೆಳಕು ವೇಗವಾಗಿ ಮಿನುಗುವುದರಿಂದ ಅಪಸ್ಮಾರ ಇರುವವರಿಗೆ ಅಪಾಯವಿದೆ ಎಂದು, ಸ್ವತಃ ಆ ಕಾಯಿಲೆಯಿದ್ದ ಒಬ್ಬ ವಿಮರ್ಶಕಿ ಎಚ್ಚರಿಕೆ ಬರೆದರು. ಆಡುವಾಗ ಅವರಿಗೇ ಸೆಳೆತ ಬಂದಿತ್ತು. ಅದಕ್ಕೆ ಉತ್ತರವಾಗಿ ಕೆಲವರು, ಸೆಳೆತ ಬರಿಸುವಂಥ ಮಿನುಗುವ ವಿಡಿಯೊಗಳನ್ನು ಆರಿಸಿ ಅವರಿಗೇ ಕಳಿಸಿದರು. ಆಟ ತಯಾರಿಸಿದ ಕಂಪನಿ ಅದನ್ನು ಖಂಡಿಸಿತು, ಎಚ್ಚರಿಕೆಯ ಸೂಚನೆ ಸೇರಿಸಿತು, ಆ ಬೆಳಕಿನ ವಿನ್ಯಾಸವನ್ನೂ ಬದಲಿಸಿತು. ಅಂದರೆ ಆಟ ಮಾಡಿದವರು ಒಪ್ಪಿಕೊಂಡ ಟೀಕೆಯನ್ನು ಆಟದ ಭಕ್ತರು ಒಪ್ಪಲಿಲ್ಲ.

ವಿಮರ್ಶಕರನ್ನು ಪ್ರಶ್ನಿಸುವ ಹಕ್ಕು ನಿಮಗೆ ಖಂಡಿತ ಇದೆ. ಆಡದೆ ಬರೆದವರನ್ನು ಕೇಳಲೇಬೇಕು. ಪ್ರಸಿದ್ಧ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ 2010ರ ಏಪ್ರಿಲ್‌ನಲ್ಲಿ, ವಿಡಿಯೊ ಆಟಗಳು ಎಂದಿಗೂ ಕಲೆಯಾಗಲಾರವು ಎಂದು ಬರೆದರು. ಸಾವಿರಾರು ಓದುಗರು ಅವರಿಗೆ ಉತ್ತರ ಬರೆದರು. ಅದೇ ಜುಲೈನಲ್ಲಿ ಅವರು, ಆಟಗಳನ್ನು ಆಡಿ ನೋಡದೆ ಆ ಮಾತು ಹೇಳಬಾರದಿತ್ತು ಎಂದು ಬರೆದರು; ತಮ್ಮ ಮೂಲ ಅಭಿಪ್ರಾಯವನ್ನು ಬಿಟ್ಟುಕೊಡಲಿಲ್ಲ. ಪ್ರಶ್ನೆ ಮಾತಿನ ಮೇಲಿದ್ದರೆ ಅದರಿಂದ ಇಷ್ಟಾದರೂ ಫಲ ಸಿಗುತ್ತದೆ. ಯಾವ ದೃಶ್ಯ, ಯಾವ ನಿಯಮ, ಎಷ್ಟು ಗಂಟೆ ಆಡಿದಿರಿ ಎಂದು ಕೇಳಿ. ಕೇಳುವಾಗ ಅವರ ಹೆಣ್ತನ, ಜಾತಿ, ಮುಖ, ಮನೆ ಯಾವುದೂ ನಿಮ್ಮ ವಾಕ್ಯದೊಳಗೆ ಬರಬಾರದು.

ನಿಮ್ಮ ಹಳೆಯ ಬರಹಗಳು ಇನ್ನೂ ಉಳಿದಿದ್ದರೆ ಅಳಿಸಿ. ಕ್ಷಮೆ ಕೇಳುವುದಾದರೆ ಎರಡು ಸಾಲಿನಲ್ಲಿ ಕೇಳಿ, ಉತ್ತರ ನಿರೀಕ್ಷಿಸಬೇಡಿ. ಇವೆರಡಕ್ಕಿಂತ ಮುಖ್ಯವಾದದ್ದು, ಮುಂದೆ ನಿಮ್ಮ ಗುಂಪಿನಲ್ಲಿ ಒಬ್ಬನ ಮೇಲೆ ಎಲ್ಲರೂ ಮುಗಿಬಿದ್ದಾಗ, ‘ಅವನು ಹೇಳಿದ ವಿಷಯದ ಬಗ್ಗೆ ಮಾತಾಡೋಣ’ ಎಂದು ಬರೆಯುವ ಮೊದಲಿಗ ನೀವಾಗುವುದು. ಒಳಗಿನವನು ಹೇಳಿದರೆ ಗುಂಪು ಕೇಳುತ್ತದೆ, ನನ್ನಂಥವನು ಹೇಳಿದರೆ ಕೇಳುವುದಿಲ್ಲ.

ಪ್ರಶ್ನೆ: ಆಟಗಾರರು ಒಟ್ಟಾಗಿ ಕೆಟ್ಟ ಅಂಕ ಕೊಡುವ ರಿವ್ಯೂ ಬಾಂಬಿಂಗ್ ಯಾವಾಗಲೂ ತಪ್ಪೇ?
— ಕಾಲೇಜು ವಿದ್ಯಾರ್ಥಿನಿ, ಕುಮಟಾ

ಉತ್ತರ: ಯಾವಾಗಲೂ ತಪ್ಪಲ್ಲ. 2024ರ ಮೇ ತಿಂಗಳಲ್ಲಿ ಹೆಲ್‌ಡೈವರ್ಸ್ 2 ಆಟವನ್ನು ಪಿಸಿಯಲ್ಲಿ ಆಡುವವರೂ ಪ್ಲೇಸ್ಟೇಷನ್ ಖಾತೆ ತೆರೆಯಲೇಬೇಕೆಂದು ಸೋನಿ ಹೇಳಿತು. ಆ ಖಾತೆ ತೆರೆಯಲು ಅವಕಾಶವೇ ಇಲ್ಲದ ಎಷ್ಟೋ ದೇಶಗಳಲ್ಲಿ ಜನ ಅದಾಗಲೇ ದುಡ್ಡು ಕೊಟ್ಟು ಆಟ ಕೊಂಡಿದ್ದರು. ಲಕ್ಷಕ್ಕೂ ಹೆಚ್ಚು ಪ್ರತಿಕೂಲ ವಿಮರ್ಶೆಗಳು ಬಿದ್ದವು, ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿಯಿತು. ಅವರು ಕೊಂಡಿದ್ದರು, ಆಡಿದ್ದರು, ಕಾರಣ ಬರೆದಿದ್ದರು. ಆದರೆ 2020ರ ಜೂನ್ 19ರಂದು ಬಂದ ದ ಲಾಸ್ಟ್ ಆಫ್ ಅಸ್ ಭಾಗ 2ಕ್ಕೆ, ಆಟ ಮುಗಿಸುವಷ್ಟು ಹೊತ್ತೂ ಕಳೆಯದೆ ಸಾವಿರಾರು ಸೊನ್ನೆಗಳು ಬಿದ್ದವು. ಆ ಬಳಿಕ, ವಿಮರ್ಶಕರ ಮತ್ತು ಬಳಕೆದಾರರ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣವು, ಆಟ ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಬಳಕೆದಾರರ ಅಂಕಗಳನ್ನು ಸ್ವೀಕರಿಸದಿರುವ ನಿಯಮ ತಂದಿತು. ಅದು ಸಾಲದು, ಆದರೂ ಅಗತ್ಯವಾಗಿತ್ತು.

ಪ್ರಶ್ನೆ: ನಮ್ಮ ಕಾಲದಲ್ಲಿ ಯಕ್ಷಗಾನದ ಅಭಿಮಾನಿಗಳು ವಿಮರ್ಶೆಯನ್ನು ತಲೆಬಾಗಿ ಕೇಳುತ್ತಿದ್ದರು. ಈ ಅಸಹನೆ ಮೊಬೈಲ್ ತಂದ ರೋಗವಲ್ಲವೇ?
— ನಿವೃತ್ತ ಶಿಕ್ಷಕ, ಹೊನ್ನಾವರ

ಉತ್ತರ: ನಿಮ್ಮ ನೆನಪಿನಲ್ಲಿ ಅರ್ಧ ಸತ್ಯವಿದೆ. ಬಹಳ ವರ್ಷಗಳ ಹಿಂದೆ ನಾನು ಒಬ್ಬ ಹೆಸರಾಂತ ಕಲಾವಿದರ ಕುಣಿತವು ಪದ್ಯದ ಭಾವವನ್ನು ಮೀರಿ ಎಳೆದಂತಾಯಿತು ಎಂದು ಸಣ್ಣದೊಂದು ಟಿಪ್ಪಣಿ ಬರೆದಿದ್ದೆ. ಮರುವಾರ ನಿಮ್ಮೂರಿನ ಬಸ್ ನಿಲ್ದಾಣದಲ್ಲಿ ಅವರ ಅಭಿಮಾನಿಯೊಬ್ಬರು ನನ್ನ ಚೀಲ ಹಿಡಿದು ನಿಲ್ಲಿಸಿ, ಎರಡು ಬಸ್ಸು ತಪ್ಪುವವರೆಗೆ ಬೈದರು. ಸಹನೆ ಆಗಲೂ ಕಡಿಮೆಯೇ ಇತ್ತು. ಆದರೆ ಬೈದವರಿಗೆ ನನ್ನ ಮುಖ ಕಾಣುತ್ತಿತ್ತು, ನಾನು ಬೆವರುತ್ತಿದ್ದುದು ಕಾಣುತ್ತಿತ್ತು. ಮೂರನೆಯ ಬಸ್ಸಿನ ಹೊತ್ತಿಗೆ ಅವರ ದನಿ ಇಳಿದು, ಆ ಪದ್ಯವನ್ನು ಅವರೇ ಗುನುಗಿ ತೋರಿಸಿದರು. ಶಿರಸಿಯ ಹುಡುಗನಿಗೆ ಅಂಥ ಮೂರನೆಯ ಬಸ್ಸು ಬರಲೇ ಇಲ್ಲ.

ನಿಮ್ಮ ಮಾತಿನ ಇನ್ನರ್ಧ ಸತ್ಯ, ವೇಷ-ಕುಣಿತವಿಲ್ಲದೆ ಹಾಡು ಮತ್ತು ಮಾತಿನಲ್ಲೇ ನಡೆಯುವ ತಾಳಮದ್ದಳೆಯಲ್ಲಿದೆ. ವಾಲಿಯ ಪ್ರಸಂಗದಲ್ಲಿ, ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿಯ ಅರ್ಥಧಾರಿ ಮಾತಿನಿಂದ ಹಿಂಡುತ್ತಾನೆ. ಎದುರಿಗೆ ಕೂತವರೆಲ್ಲ ರಾಮನಿಗೆ ದಿನವೂ ಕೈಮುಗಿಯುವವರು. ಅವರು ಎದ್ದು ಹೋಗುವುದಿಲ್ಲ. ವಾಲಿಯ ಮಾತು ಸಪ್ಪೆಯಾದರೆ ಬೇಸರಿಸುತ್ತಾರೆ, ಏಕೆಂದರೆ ಆಗ ರಾಮನ ಉತ್ತರಕ್ಕೂ ಕಸುವಿರುವುದಿಲ್ಲ. ಆರಾಧಿಸುವ ದೇವರ ಮೇಲಿನ ಆರೋಪವನ್ನು ಇರುಳಿಡೀ ಕೂತು ಸವಿಯಬಲ್ಲ ಜನರ ಮಕ್ಕಳು, ಮೊಮ್ಮಕ್ಕಳು ಒಂದು ಮೊಬೈಲ್ ಆಟದ ಮೇಲಿನ ಏಳು ಸಾಲನ್ನು ತಾಳಿಕೊಳ್ಳಲಾರರು ಎಂದು ನಾನು ನಂಬುವುದಿಲ್ಲ. ಅವರಿಗೆ ಯಾರೂ ಆ ಪದ್ಧತಿಯನ್ನು ಅವರ ಆಟದ ಮೇಲೆ ಹೂಡಿ ತೋರಿಸಿಲ್ಲ, ಅಷ್ಟೆ.

ನೀವು ಬೇಸಿಗೆಯಲ್ಲಿ ಮಕ್ಕಳಿಗೆ ಅರ್ಥಗಾರಿಕೆ ಹೇಳಿಕೊಡುತ್ತೀರೆಂದು ಪತ್ರದಲ್ಲಿ ಬರೆದಿದ್ದೀರಿ. ಈ ಸಲ ಒಂದು ಸಂಜೆಯನ್ನು ಅವರು ಆಡುವ ಯಾವುದಾದರೂ ಆಟಕ್ಕೆ ಬಿಟ್ಟುಕೊಡಿ. ಒಬ್ಬ ಆಟದ ಪರವಾಗಿ, ಇನ್ನೊಬ್ಬ ವಿರುದ್ಧವಾಗಿ ಮಾತಾಡಲಿ. ಅರ್ಧ ಗಂಟೆಯ ಬಳಿಕ ಪಾತ್ರ ಅದಲುಬದಲಾಗಲಿ. ಆಟವನ್ನು ಅತಿಯಾಗಿ ಮೆಚ್ಚುವ ಹುಡುಗನಿಗೇ ಮೊದಲು ವಿರುದ್ಧದ ಪಾತ್ರ ಕೊಡಿ. ಆಟದ ಹೆಸರುಗಳು ನಿಮಗೆ ಗೊತ್ತಿಲ್ಲದಿದ್ದರೆ ಅವರನ್ನೇ ಕೇಳಿ, ಸಂತೋಷದಿಂದ ಹೇಳುತ್ತಾರೆ. ನಡೆಸಿದ ಮೇಲೆ ಏನಾಯಿತೆಂದು ನನಗೆ ಬರೆಯಿರಿ.